ತವರಿನ ನೀರು, ಕರುಳಿನ ಬಲ: ನೀರು ಚಿಗಟದ ಸೂಕ್ಷ್ಮಜೀವಿಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕೆರೆಯ ನೀರನ್ನು ಗಾಜಿನ ಲೋಟದಲ್ಲಿ ತುಂಬಿ ಕಿಟಕಿಯ ಬೆಳಕಿಗೆ ಹಿಡಿದರೆ, ಸಾಸಿವೆಗಿಂತ ಚಿಕ್ಕ ನೀರು ಚಿಗಟಗಳು ಪುಟಪುಟನೆ ಕುಪ್ಪಳಿಸುತ್ತಾ ಈಜುವುದು ಕಾಣುತ್ತದೆ. ಶಾಲೆಯ ಮಕ್ಕಳಿಗೆ, ಮೀನು ಸಾಕುವ ರೈತರಿಗೆ, ಕೆರೆ ಉಳಿಸಲು ಓಡಾಡುವ ಗೆಳೆಯರಿಗೆ ನಾನು ಇವುಗಳನ್ನು ತೋರಿಸುತ್ತಾ ಬಂದಿದ್ದೇನೆ. ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟವರು ಮೊದಲು ಕೇಳುವುದು ಒಂದೇ ಮಾತು: "ಒಳಗೆ ಆ ಹಸಿರು ಗೆರೆ ಏನು?" ಅದು ಅದರ ಕರುಳು. ಆ ಕರುಳಿನಲ್ಲಿ ಬೀಡುಬಿಟ್ಟಿರುವ ಬ್ಯಾಕ್ಟೀರಿಯಾಗಳು ವಿಷವನ್ನೂ ಬಿಸಿಯನ್ನೂ ತಾಳಲು ಪ್ರಾಣಿಗಳಿಗೆ ಹೇಗೆ ನೆರವಾಗುತ್ತವೆ ಎಂಬ ಕಥೆ ಕಳೆದ ಹತ್ತು ಹದಿನೈದು ವರ್ಷಗಳಲ್ಲಿ ಬಿಚ್ಚಿಕೊಂಡಿದೆ. ಅದರ ಬಗ್ಗೆ ಜನ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇನೆ.

ನೀರು ಚಿಗಟ ಎಂದರೆ ಯಾವ ಜೀವಿ? ಕಚ್ಚುತ್ತದೆಯೇ?

ಕಚ್ಚುವುದಿಲ್ಲ. ನಾಯಿಯ ಮೈಮೇಲಿನ ಚಿಗಟಕ್ಕೂ ಇದಕ್ಕೂ ಕುಪ್ಪಳಿಸುವ ರೀತಿಯೊಂದನ್ನು ಬಿಟ್ಟರೆ ಯಾವ ನಂಟೂ ಇಲ್ಲ. ಇದು ಸಿಗಡಿ, ಏಡಿಗಳ ದೊಡ್ಡ ಬಳಗಕ್ಕೆ ಸೇರಿದ ಜೀವಿ. ವಿಜ್ಞಾನಿಗಳು ಹೆಚ್ಚು ಅಭ್ಯಾಸ ಮಾಡಿರುವುದು ಡಾಫ್ನಿಯಾ ಮ್ಯಾಗ್ನಾ ಎಂಬ ಪ್ರಭೇದವನ್ನು. ಯುರೋಪಿನ ಕೊಳಗಳಲ್ಲಿ ಸಿಗುವ ಇದು ಸುಮಾರು 5 ಮಿಲಿಮೀಟರ್‌ವರೆಗೆ ಬೆಳೆಯುತ್ತದೆ. ನಮ್ಮ ಬೆಚ್ಚನೆಯ ಕೆರೆಗಳಲ್ಲಿ ಮೊಯಿನಾ, ಸೀರಿಯೊಡಾಫ್ನಿಯಾದಂಥ ಸಣ್ಣ ಬಂಧುಗಳೇ ಹೆಚ್ಚು. ಇವೆಲ್ಲವೂ ನೀರನ್ನು ಸೋಸಿ ಪಾಚಿ ತಿನ್ನುತ್ತವೆ. ಮೀನಿನ ಮರಿಗಳು ಇವನ್ನು ತಿಂದು ಬೆಳೆಯುತ್ತವೆ. ಕೊಳದ ನೀರು ತಿಳಿಯಾಗಿ ಉಳಿಯುವುದರಲ್ಲಿ ಈ ಪುಟ್ಟ ಸೋಸುಗಾರರ ಪಾಲು ದೊಡ್ಡದು. ಹಾಗಾಗಿ ಇವು ಯಾವುದನ್ನು ತಾಳುತ್ತವೆ, ಯಾವುದಕ್ಕೆ ಸೋಲುತ್ತವೆ ಎಂಬುದು ಇಡೀ ಕೊಳಕ್ಕೆ ಸಂಬಂಧಿಸಿದ ವಿಷಯ.

ಇಷ್ಟು ಸಣ್ಣ ಪ್ರಾಣಿಯ ಕರುಳಿನಲ್ಲೂ ಬ್ಯಾಕ್ಟೀರಿಯಾ ಇರುತ್ತದೆಯೇ?

ಇರುತ್ತದೆ. ಡಾಫ್ನಿಯಾದ ಕರುಳಿನಲ್ಲಿ ಮತ್ತೆ ಮತ್ತೆ ಹೇರಳವಾಗಿ ಕಂಡುಬಂದಿರುವುದು ಲಿಮ್ನೊಹ್ಯಾಬಿಟಾನ್ಸ್ ಎಂಬ ಗುಂಪು. ಇದೇ ಗುಂಪಿನ ಬ್ಯಾಕ್ಟೀರಿಯಾಗಳು ಸಿಹಿನೀರಿನ ಕೊಳಗಳಲ್ಲಿ ಸ್ವತಂತ್ರವಾಗಿಯೂ ಬದುಕುತ್ತವೆ. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ: ಒಳಗಿನ ಜೀವಿಗಳು ಬರುವುದು ಹೊರಗಿನ ನೀರಿನಿಂದ. ತಾಯಿಯೂ ಸುತ್ತಲಿನ ಇತರ ಚಿಗಟಗಳೂ ನೀರಿಗೆ ಬಿಟ್ಟದ್ದನ್ನು ಮರಿ ಕುಡಿಯುತ್ತದೆ, ಸೋಸುತ್ತದೆ, ತನ್ನದಾಗಿಸಿಕೊಳ್ಳುತ್ತದೆ.

ಬ್ಯಾಕ್ಟೀರಿಯಾಗಳೇ ಇಲ್ಲದಂತೆ ಮಾಡಿದರೆ ಏನಾಗುತ್ತದೆ?

ಇದನ್ನು ಮಾಡಿ ನೋಡಿದ್ದಾರೆ. ತಾಯಿಯ ಬೆನ್ನ ಬಳಿಯ ಮರಿಚೀಲದಿಂದ ಮೊಟ್ಟೆಗಳನ್ನು ನಾಜೂಕಾಗಿ ಹೊರತೆಗೆದು, ಗ್ಲುಟರಾಲ್ಡಿಹೈಡ್ ದ್ರಾವಣದಲ್ಲಿ ತೊಳೆದು, ಸೂಕ್ಷ್ಮಜೀವಿಗಳಿಲ್ಲದ ನೀರಿನಲ್ಲಿ ಮರಿ ಮಾಡಿಸುತ್ತಾರೆ. ಆಹಾರವಾಗಿ ಕೊಡುವ ಪಾಚಿಯೂ ಶುದ್ಧವಾಗಿರಬೇಕು. 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹೀಗೆ ಬೆಳೆಸಿದ ಚಿಗಟಗಳು ಗಾತ್ರದಲ್ಲಿ ಚಿಕ್ಕವಾದವು, ಕಡಿಮೆ ಮರಿ ಹಾಕಿದವು, ಬೇಗ ಸತ್ತವು. ಮರುವರ್ಷ ಜಪಾನಿನ ಸಂಶೋಧಕರು ಇಂಥ ಚಿಗಟಗಳಿಗೆ ಲಿಮ್ನೊಹ್ಯಾಬಿಟಾನ್ಸ್ ಅನ್ನು ಮರಳಿ ಕೊಟ್ಟಾಗ ಮರಿಗಳ ಸಂಖ್ಯೆ ಚೇತರಿಸಿಕೊಂಡಿತು.

ಹೊಟ್ಟೆ ತುಂಬ ಪಾಚಿ ಇದೆ, ನೀರು ಶುದ್ಧವಾಗಿದೆ, ಶತ್ರು ಯಾರೂ ಇಲ್ಲ. ಆದರೂ ಆ ಜೀವ ಬಡವಾಗುತ್ತದೆ. ಇದನ್ನು ಮೊದಲು ಓದಿದಾಗ ನಾನು ಬಹಳ ಹೊತ್ತು ಯೋಚಿಸುತ್ತಾ ಕುಳಿತಿದ್ದೆ.

ಪರಿಸರದ ಒತ್ತಡ ಎಂದರೆ ಇಲ್ಲಿ ಏನರ್ಥ?

ನೀರು ಬಿಸಿಯಾಗುವುದು ಅಥವಾ ತೀರಾ ತಣ್ಣಗಾಗುವುದು, ಆಮ್ಲಜನಕ ಕುಸಿಯುವುದು, ಉಪ್ಪು ಹೆಚ್ಚುವುದು, ಕೀಟನಾಶಕ ಸೇರುವುದು, ವಿಷಕಾರಿ ಪಾಚಿ ಬೆಳೆಯುವುದು. ಈ ಪುಟದಲ್ಲಿ ಹೆಚ್ಚಾಗಿ ಕೊನೆಯದರ ಬಗ್ಗೆ ಬರೆದಿದ್ದೇನೆ, ಏಕೆಂದರೆ ಅತ್ಯಂತ ಸ್ಪಷ್ಟವಾದ ಪ್ರಯೋಗಗಳು ನಡೆದಿರುವುದು ಅಲ್ಲೇ.

ಪಾಚಿಯನ್ನೇ ತಿನ್ನುವ ಜೀವಿಗೆ ಪಾಚಿ ವಿಷವಾಗುವುದು ಹೇಗೆ?

ನಾವು ನೀಲಿ-ಹಸಿರು ಪಾಚಿ ಎಂದು ಕರೆಯುವುದು ನಿಜಕ್ಕೂ ಪಾಚಿಯಲ್ಲ, ಬೆಳಕಿನಿಂದ ಆಹಾರ ತಯಾರಿಸಿಕೊಳ್ಳುವ ಬ್ಯಾಕ್ಟೀರಿಯಾ. ಅವುಗಳಲ್ಲಿ ಮೈಕ್ರೊಸಿಸ್ಟಿಸ್ ಎಂಬುದು ಕುಖ್ಯಾತ. ಚರಂಡಿ ನೀರು ಮತ್ತು ಹೊಲದ ಗೊಬ್ಬರದಿಂದ ರಂಜಕ, ಸಾರಜನಕ ಸೇರಿದ, ಬೆಚ್ಚಗಿನ, ಅಲುಗಾಡದ ನೀರು ಸಿಕ್ಕರೆ ಸಾಕು, ಹಸಿರು ಬಣ್ಣ ಚೆಲ್ಲಿದಂತೆ ಮೇಲೆ ಕೆನೆಗಟ್ಟುತ್ತದೆ. ಜೀವಕೋಶದೊಳಗೆ ಗಾಳಿಯ ಗುಳ್ಳೆಗಳಿರುವುದರಿಂದ ತೇಲುತ್ತದೆ.

ನೀರು ಚಿಗಟಕ್ಕೆ ಇದರಿಂದ ಆಗುವ ತೊಂದರೆ ಒಂದೆರಡಲ್ಲ. ಲೋಳೆಯಿಂದ ಅಂಟಿಕೊಂಡ ಇದರ ಗುಂಪುಗಳು ಸೋಸುವ ಕಾಲುಗಳಿಗೆ ಅಡ್ಡ ಬರುತ್ತವೆ. ಬೆಳೆಯಲು ಬೇಕಾದ ಸ್ಟೆರಾಲ್‌ಗಳು, ಉದ್ದ ಸರಪಳಿಯ ಕೊಬ್ಬಿನಾಮ್ಲಗಳು ಇದರಲ್ಲಿಲ್ಲ, ಅಂದರೆ ತಿಂದರೂ ಪೋಷಣೆಯಿಲ್ಲ. ಕೆಲವು ತಳಿಗಳು ಪ್ರೋಟೀನ್ ಜೀರ್ಣಿಸುವ ಕಿಣ್ವಗಳನ್ನೇ ತಡೆಯುವ ವಸ್ತುಗಳನ್ನು ತಯಾರಿಸುತ್ತವೆ. ಇವೆಲ್ಲದರ ಮೇಲೆ ಮೈಕ್ರೊಸಿಸ್ಟಿನ್ ಎಂಬ ವಿಷ. ಅದು ಮನುಷ್ಯರ ಯಕೃತ್ತಿಗೂ ಅಪಾಯಕಾರಿ. ಕುಡಿಯುವ ನೀರಿನಲ್ಲಿ ಅದರ ಒಂದು ಬಗೆಯಾದ ಮೈಕ್ರೊಸಿಸ್ಟಿನ್-ಎಲ್‌ಆರ್ ಒಂದು ಲೀಟರಿಗೆ 1 ಮೈಕ್ರೊಗ್ರಾಂ ಮೀರಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ತಾತ್ಕಾಲಿಕ ಮಾರ್ಗಸೂಚಿ. 2014ರ ಆಗಸ್ಟ್‌ನಲ್ಲಿ ಅಮೆರಿಕದ ಈರಿ ಸರೋವರದಲ್ಲಿ ಇದು ಹೆಚ್ಚಾಗಿ, ಟೊಲೆಡೊ ನಗರ ಮತ್ತು ಸುತ್ತಲಿನ ಸುಮಾರು ಐದು ಲಕ್ಷ ಜನರಿಗೆ ನಲ್ಲಿ ನೀರು ಕುಡಿಯಬೇಡಿ ಎಂದು ಹೇಳಬೇಕಾಯಿತು.

ತಾಳಿಕೆಗೆ ಕರುಳಿನ ಬ್ಯಾಕ್ಟೀರಿಯಾಗಳೇ ಕಾರಣ ಎಂದು ಹೇಗೆ ಗೊತ್ತಾಯಿತು?

ಇದು ನನ್ನ ಮೆಚ್ಚಿನ ಪ್ರಶ್ನೆ. ಗಟ್ಟಿಮುಟ್ಟಾದ ಪ್ರಾಣಿಯ ಕರುಳಿನಲ್ಲಿ ಒಂದು ಬಗೆಯ ಬ್ಯಾಕ್ಟೀರಿಯಾ, ಸೊರಗಿದ ಪ್ರಾಣಿಯಲ್ಲಿ ಇನ್ನೊಂದು ಬಗೆ ಕಂಡರೆ, ಅದರಿಂದಲೇ ಇದಾಯಿತು ಎನ್ನಲಾಗದು. ಸೊರಗಿದ್ದರಿಂದಲೇ ಕರುಳು ಬದಲಾಗಿರಬಹುದು. ಕಾರಣ ಯಾವುದು, ಪರಿಣಾಮ ಯಾವುದು ಎಂದು ತಿಳಿಯಬೇಕಾದರೆ ಒಬ್ಬರ ಕರುಳಿನ ಜೀವಿಗಳನ್ನು ಇನ್ನೊಬ್ಬರಿಗೆ ಕೊಟ್ಟು ನೋಡಬೇಕು.

ಈ ಕೆಲಸಕ್ಕೆ ನೀರು ಚಿಗಟ ಹೇಳಿ ಮಾಡಿಸಿದಂಥ ಪ್ರಾಣಿ. ಅನುಕೂಲದ ದಿನಗಳಲ್ಲಿ ಹೆಣ್ಣು ಗಂಡಿನ ನೆರವಿಲ್ಲದೆಯೇ ಮರಿ ಹಾಕುತ್ತದೆ. ಮರಿಗಳೆಲ್ಲ ತಾಯಿಯ ತದ್ರೂಪಿಗಳು. ಹೀಗಾಗಿ ಒಂದೇ ವಂಶವಾಹಿ ಇರುವ ನೂರಾರು ಚಿಗಟಗಳನ್ನು ಪಡೆಯಬಹುದು. ಬೆಲ್ಜಿಯಂನ ಲ್ಯೂವೆನ್ ವಿಶ್ವವಿದ್ಯಾಲಯದ ಎಲೆನ್ ಡೆಕಾಸ್ಟೆಕರ್ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಪ್ರಯೋಗ ಹೀಗಿತ್ತು. ಮೈಕ್ರೊಸಿಸ್ಟಿಸ್ ಅನ್ನು ಚೆನ್ನಾಗಿ ತಾಳುವ ವಂಶಗಳು ಒಂದೆಡೆ, ತಾಳದ ವಂಶಗಳು ಇನ್ನೊಂದೆಡೆ. ಎರಡೂ ಕಡೆಯ ಮರಿಗಳನ್ನು ಮೊದಲು ಸೂಕ್ಷ್ಮಜೀವಿಗಳಿಲ್ಲದಂತೆ ಮಾಡಿದರು. ನಂತರ ಬೇರೆ ಚಿಗಟಗಳ ಕರುಳಿನ ಜೀವಿಗಳನ್ನು ಅವುಗಳ ನೀರಿಗೆ ಬೆರೆಸಿದರು.

ನಮ್ಮ ಅಡುಗೆಮನೆಯ ಮಾತಿನಲ್ಲಿ ಹೇಳುವುದಾದರೆ ಇದು ಹೆಪ್ಪು ಹಾಕಿದ ಹಾಗೆ. ಕಾಯಿಸಿದ ಹಾಲು ತಾನಾಗಿ ಒಳ್ಳೆಯ ಮೊಸರಾಗುವುದಿಲ್ಲ. ಮೊಸರಿನ ಗುಣ ಹೆಪ್ಪಿನಲ್ಲಿದೆ. ಹೆಪ್ಪು ಕೆಟ್ಟರೆ ಪಕ್ಕದ ಮನೆಯಿಂದ ಒಂದು ಚಮಚ ತರುತ್ತೇವೆ, ಆ ಮನೆಯ ಮೊಸರಿನ ರುಚಿ ನಮ್ಮ ಮನೆಗೂ ಬರುತ್ತದೆ. ಚಿಗಟಗಳಲ್ಲೂ ಹಾಗೆಯೇ ಆಯಿತು. ಎಲ್ಲ ವಂಶಗಳಿಗೂ ಒಂದೇ ಹೆಪ್ಪು ಹಾಕಿದಾಗ ಅವುಗಳ ನಡುವಿನ ವ್ಯತ್ಯಾಸವೇ ಮಾಯವಾಯಿತು. ಬೇರೆ ಬೇರೆ ಹೆಪ್ಪು ಹಾಕಿದಾಗ, ಪಡೆದ ಚಿಗಟದ ತಾಳಿಕೆ ಕೊಟ್ಟ ಚಿಗಟದ ತಾಳಿಕೆಯನ್ನೇ ಹೋಲಿತು. ಗಟ್ಟಿತನ ಆ ಪ್ರಾಣಿಯದು ಎಂದು ನಾವು ತಿಳಿದದ್ದು ಬಹುಮಟ್ಟಿಗೆ ಅದರ ಕರುಳಿನ ಒಕ್ಕಲುಗಳದ್ದಾಗಿತ್ತು.

ಯಾವ ಊರಿನ ಬ್ಯಾಕ್ಟೀರಿಯಾ ಆದರೂ ನಡೆಯುತ್ತದೆಯೇ?

ಇಲ್ಲ, ಮತ್ತು ಈ ಉತ್ತರವೇ ನನ್ನನ್ನು ಹೆಚ್ಚು ಕಾಡುವುದು. ಅದೇ ವಿಶ್ವವಿದ್ಯಾಲಯದ ತಂಡ 2021ರಲ್ಲಿ ಬೇರೆ ಬೇರೆ ಕೊಳಗಳ ಚಿಗಟಗಳನ್ನು ತೆಗೆದುಕೊಂಡಿತು. ಸೂಕ್ಷ್ಮಜೀವಿಗಳಿಲ್ಲದ ಮರಿಗಳಿಗೆ ಕೆಲವಕ್ಕೆ ತಮ್ಮದೇ ಸೀಮೆಯ ಚಿಗಟಗಳ ಕರುಳಿನ ಜೀವಿಗಳನ್ನು, ಕೆಲವಕ್ಕೆ ದೂರದ ಸೀಮೆಯ ಚಿಗಟಗಳ ಜೀವಿಗಳನ್ನು ಕೊಟ್ಟು, ವಿಷಕಾರಿ ಮೈಕ್ರೊಸಿಸ್ಟಿಸ್ ಎದುರಿಸುವಂತೆ ಮಾಡಿತು. ಹೆಚ್ಚಿನ ಚಿಗಟಗಳು ತಮ್ಮ ತವರಿನ ಜೀವಿಗಳೊಂದಿಗೇ ಚೆನ್ನಾಗಿ ಬಾಳಿದವು. ಜೀವಿಗಳನ್ನು ಕೊಟ್ಟ ಚಿಗಟಗಳು ಮೊದಲೇ ಆ ವಿಷದ ಪಾಚಿಯನ್ನು ಉಂಡು ಪಳಗಿದ್ದರೆ ಈ ಲಾಭ ಇನ್ನೂ ಎದ್ದು ಕಂಡಿತು. ಕೊಳದಿಂದ ಕೊಳಕ್ಕೆ, ವಂಶದಿಂದ ವಂಶಕ್ಕೆ ಫಲಿತಾಂಶದಲ್ಲಿ ಹೆಚ್ಚುಕಡಿಮೆ ಇತ್ತು ಎಂಬುದನ್ನೂ ಹೇಳಬೇಕು.

ಮದುವೆಯಾಗಿ ಹೋದ ಮಗಳು ತವರಿನ ಉಪ್ಪಿನಕಾಯಿ ಭರಣಿಯನ್ನು ಜೊತೆಗೆ ಒಯ್ಯುವುದು ನನಗೆ ನೆನಪಾಗುತ್ತದೆ. ಒಂದು ಕೊಳದ ಪ್ರಾಣಿಯೂ ಆ ಕೊಳದ ಬ್ಯಾಕ್ಟೀರಿಯಾಗಳೂ ತಲೆತಲಾಂತರ ಒಟ್ಟಿಗೆ ಪಳಗಿವೆ. ಒಂದು ಕೆರೆಯನ್ನು ಪೂರ್ತಿ ಬರಿದು ಮಾಡಿ, ಬೇರೆ ಕಡೆಯಿಂದ ನೀರನ್ನೂ ಮರಿಗಳನ್ನೂ ತಂದು ತುಂಬಿದರೆ "ಮೊದಲಿನಂತೆ ಆಯಿತು" ಎನ್ನುವವರನ್ನು ಕಂಡಾಗ ಈ ಪ್ರಯೋಗವನ್ನು ವಿವರಿಸಬೇಕೆನಿಸುತ್ತದೆ.

ಹಾಗಾದರೆ ವಂಶವಾಹಿಗಳಿಗೆ ಪಾತ್ರವೇ ಇಲ್ಲವೇ?

ಖಂಡಿತ ಇದೆ. ನೀರಿನಲ್ಲಿರುವ ಯಾವ ಬ್ಯಾಕ್ಟೀರಿಯಾಕ್ಕೆ ಒಳಗೆ ಜಾಗ ಸಿಗುತ್ತದೆ ಎಂಬುದರಲ್ಲಿ ಪ್ರಾಣಿಯ ವಂಶವಾಹಿಯ ಕೈವಾಡವೂ ಇದೆ ಎಂದು 2017ರ ಅಧ್ಯಯನವೇ ಹೇಳುತ್ತದೆ. ಇನ್ನೊಂದು ಸುಂದರ ಸಾಕ್ಷ್ಯ ಮಧ್ಯ ಯುರೋಪಿನ ಕಾನ್‌ಸ್ಟನ್ಸ್ ಸರೋವರದ್ದು. ಕಷ್ಟಕಾಲ ಬಂದಾಗ ನೀರು ಚಿಗಟಗಳು ಗಟ್ಟಿ ಕವಚದ ಸುಪ್ತ ಮೊಟ್ಟೆಗಳನ್ನಿಡುತ್ತವೆ. ಅವು ತಳದ ಹೂಳಿನಲ್ಲಿ ದಶಕಗಟ್ಟಲೆ ಮಲಗಿದ್ದು, ಎಬ್ಬಿಸಿದರೆ ಮರಿಯಾಗುತ್ತವೆ. 20ನೇ ಶತಮಾನದ ಮಧ್ಯಭಾಗದ ನಂತರ ಆ ಸರೋವರಕ್ಕೆ ರಂಜಕ ಹರಿದುಬಂದು ನೀಲಿ-ಹಸಿರು ಪಾಚಿ ಹೆಚ್ಚಿತ್ತು. ಬೇರೆ ಬೇರೆ ಪದರಗಳ ಹೂಳಿನಿಂದ ಮೊಟ್ಟೆ ಹೆಕ್ಕಿ ಮರಿ ಮಾಡಿಸಿ ನೋಡಿದಾಗ, ಪಾಚಿ ಹೆಚ್ಚಿದ ಮೇಲಿನ ಕಾಲದ ಚಿಗಟಗಳು ಹಳೆಯ ಕಾಲದವಕ್ಕಿಂತ ಉತ್ತಮವಾಗಿ ಅದನ್ನು ತಾಳಿದವು. 1999ರಲ್ಲಿ ಪ್ರಕಟವಾದ ಆ ಕೆಲಸ ವಿಕಾಸ ಎಷ್ಟು ಬೇಗ ನಡೆಯಬಲ್ಲದು ಎಂಬುದನ್ನು ತೋರಿಸಿತು.

ಅಂದರೆ ಎರಡು ದಾರಿಗಳಿವೆ. ವಂಶವಾಹಿ ಬದಲಾಗಲು ಹಲವು ತಲೆಮಾರು ಬೇಕು. ಕರುಳಿನ ಒಕ್ಕಲು ಬದಲಾಗುವುದು ಒಂದು ಜೀವಿತದೊಳಗೇ ಸಾಧ್ಯ.

ಒಳಗೆ ಕುಳಿತು ಬ್ಯಾಕ್ಟೀರಿಯಾಗಳು ಏನು ಕೆಲಸ ಮಾಡುತ್ತವೆ?

ಒಂದೇ ಕೆಲಸವಲ್ಲ. ಮೈಕ್ರೊಸಿಸ್ಟಿನ್ ಉಂಗುರದ ಆಕಾರದ ಅಣು. ಆ ಉಂಗುರವನ್ನು ಕತ್ತರಿಸುವ ಕಿಣ್ವವಿರುವ ಬ್ಯಾಕ್ಟೀರಿಯಾ ಇದೆಯೆಂದು ಆಸ್ಟ್ರೇಲಿಯಾದ ವಿಜ್ಞಾನಿಗಳು 1990ರ ದಶಕದಲ್ಲಿ ತೋರಿಸಿದರು. ಉಂಗುರ ಒಮ್ಮೆ ಬಿಚ್ಚಿಕೊಂಡರೆ ವಿಷದ ತೀವ್ರತೆ ನೂರಕ್ಕೂ ಹೆಚ್ಚು ಪಟ್ಟು ಇಳಿಯುತ್ತದೆ. ಇಂಥ ಬ್ಯಾಕ್ಟೀರಿಯಾಗಳು ಕೆರೆ, ಸರೋವರಗಳ ನೀರಿನಲ್ಲಿ ಸಹಜವಾಗಿಯೇ ಇರುತ್ತವೆ.

ಇನ್ನು ಕೆಲವು ಬ್ಯಾಕ್ಟೀರಿಯಾಗಳು ಆಹಾರವನ್ನು ಇನ್ನಷ್ಟು ಒಡೆದು, ವಿಟಮಿನ್‌ಗಳನ್ನು ತಯಾರಿಸಿಕೊಡುತ್ತವೆ. ಸಾಮಾನ್ಯ ಗೆಂಡೆ, ತಿಲಾಪಿಯಾದಂಥ ಸಿಹಿನೀರಿನ ಮೀನುಗಳ ಕರುಳಿನಲ್ಲಿರುವ ಸೀಟೊಬ್ಯಾಕ್ಟೀರಿಯಂ ಬಿ12 ವಿಟಮಿನ್ ತಯಾರಿಸುತ್ತದೆ. ಆ ಮೀನುಗಳಿಗೆ ಆಹಾರದಲ್ಲಿ ಅದನ್ನು ಪ್ರತ್ಯೇಕವಾಗಿ ಕೊಡಬೇಕಾಗಿಲ್ಲ. ಮತ್ತೊಂದು ಕೆಲಸ ಜಾಗ ಹಿಡಿದು ಕೂರುವುದು. ಒಳ್ಳೆಯ ಒಕ್ಕಲು ತುಂಬಿದ್ದರೆ, ಏರೊಮೊನಾಸ್ ಹೈಡ್ರೊಫಿಲಾದಂಥ ಸಮಯಸಾಧಕ ರೋಗಾಣುಗಳಿಗೆ ನೆಲೆಯೂರಲು ಎಡೆ ಸಿಗುವುದಿಲ್ಲ.

ಬಿಸಿಲು, ಬಿಸಿನೀರು ತಾಳುವುದಕ್ಕೂ ಕರುಳಿಗೂ ಸಂಬಂಧವಿದೆಯೇ?

ಇದೆ. ಇದಕ್ಕೆ ಗೊದಮೊಟ್ಟೆಗಳು ಸಾಕ್ಷಿ. ಅಮೆರಿಕದಲ್ಲಿ ಹಸಿರು ಕಪ್ಪೆಯ ಗೊದಮೊಟ್ಟೆಗಳನ್ನು ಎರಡು ಪಾಲು ಮಾಡಿ ಬೆಳೆಸಿದರು: ಒಂದು ಪಾಲು ಸಹಜ ಕೊಳದ ನೀರಿನಲ್ಲಿ, ಇನ್ನೊಂದು ಅದೇ ಕೊಳದ ನೀರನ್ನು ಒತ್ತಡದ ಹಬೆಯಲ್ಲಿ ಕಾಯಿಸಿ ಸೂಕ್ಷ್ಮಜೀವಿಗಳನ್ನು ಕೊಂದು ತಣಿಸಿದ ನೀರಿನಲ್ಲಿ. 2022ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಕಾಯಿಸಿದ ನೀರಿನ ಗೊದಮೊಟ್ಟೆಗಳು ಹೆಚ್ಚಿನ ಬಿಸಿಯನ್ನೂ ಹೆಚ್ಚಿನ ತಂಪನ್ನೂ ಸಹಜ ನೀರಿನವುಗಳಷ್ಟು ತಾಳಲಿಲ್ಲ. ಬಿಸಿ ದಿನಗಟ್ಟಲೆ ಮುಂದುವರಿದಾಗ ಹೆಚ್ಚು ಸತ್ತವು. ಅವುಗಳ ಜೀವಕೋಶಗಳಲ್ಲಿ ಶಕ್ತಿ ಉತ್ಪಾದಿಸುವ ಮೈಟೊಕಾಂಡ್ರಿಯದ ಕಿಣ್ವಗಳೂ ಮಂದವಾಗಿದ್ದವು. ಕರುಳಿನಲ್ಲಿ ಆದ ಕೊರತೆ ಇಡೀ ಮೈಯ ಶಕ್ತಿಯವರೆಗೆ ತಲುಪಿತ್ತು.

2024ರ ಇನ್ನೊಂದು ಪ್ರಯೋಗ ಇದನ್ನು ತಿರುಗಿಸಿ ನೋಡಿತು. ವಸಂತದ ತಂಪು ಕೊಳಗಳಲ್ಲಿ ಬೆಳೆಯುವ ಕಾಡುಕಪ್ಪೆಯ ಗೊದಮೊಟ್ಟೆಗಳಿಗೆ, ಬೇಸಿಗೆಯ ಬೆಚ್ಚನೆಯ ಕೊಳಗಳಲ್ಲಿ ಬೆಳೆಯುವ ಹಸಿರು ಕಪ್ಪೆಯ ಕರುಳಿನ ಜೀವಿಗಳನ್ನು ಕೊಟ್ಟಾಗ ಅವುಗಳ ಬಿಸಿ ತಾಳುವ ಶಕ್ತಿ ಏರಿತು.

ಬಾಲ್ಯದಲ್ಲಿ ಆದ ನಷ್ಟ ದೊಡ್ಡವಾದ ಮೇಲೂ ಉಳಿಯುತ್ತದೆ ಎಂಬುದಕ್ಕೂ ಪುರಾವೆಯಿದೆ. 2017ರಲ್ಲಿ ಪ್ರಕಟವಾದ ಕ್ಯೂಬಾದ ಮರಗಪ್ಪೆಗಳ ಅಧ್ಯಯನದಲ್ಲಿ, ಗೊದಮೊಟ್ಟೆಯಾಗಿದ್ದಾಗ ಸೂಕ್ಷ್ಮಜೀವಿಗಳ ಸಮತೋಲ ಕೆಟ್ಟಿದ್ದ ಕಪ್ಪೆಗಳಲ್ಲಿ ಮುಂದೆ ಕರುಳಿನ ಹುಳುಗಳು ಸುಮಾರು ಮೂರು ಪಟ್ಟು ಹೆಚ್ಚಿದ್ದವು.

ಮೀನುಗಳಲ್ಲಿ?

ನಮ್ಮಲ್ಲಿ ಜಿಲೇಬಿ ಮೀನು ಎಂದು ಕರೆಯುವ ತಿಲಾಪಿಯಾದ ಹತ್ತಿರದ ಬಂಧುವಾದ ನೀಲಿ ತಿಲಾಪಿಯಾವನ್ನು ಇಸ್ರೇಲಿನಲ್ಲಿ ಪರೀಕ್ಷಿಸಿದ್ದಾರೆ. ಇವು ಬೆಚ್ಚನೆಯ ನೀರಿನ ಮೀನುಗಳು, ಚಳಿ ಇವಕ್ಕೆ ಶತ್ರು. ನೀರು ತಣ್ಣಗಾದಾಗ, ಚಳಿ ತಾಳುವ ಕುಟುಂಬಗಳ ಮೀನುಗಳ ಕರುಳಿನ ಸಮುದಾಯ ಹೆಚ್ಚು ಕದಲಲಿಲ್ಲ. ಚಳಿ ತಾಳದ ಕುಟುಂಬಗಳಲ್ಲಿ ಹೆಚ್ಚು ಅಸ್ತವ್ಯಸ್ತವಾಯಿತು ಎಂದು 2018ರಲ್ಲಿ ವರದಿ ಮಾಡಿದರು.

ಸೂಕ್ಷ್ಮಜೀವಿಗಳು ಇಷ್ಟೆಲ್ಲ ಕಾಪಾಡುವುದಾದರೆ ನಮ್ಮ ಕೆರೆಗಳಲ್ಲಿ ಮೀನುಗಳು ಸಾಯುವುದೇಕೆ?

ಉಸಿರಾಡಲು ಆಮ್ಲಜನಕವೇ ಇಲ್ಲದಿದ್ದರೆ ಕರುಳು ಏನು ಮಾಡೀತು? 2016ರ ಮಾರ್ಚ್‌ನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದ್ದನ್ನು ಹಲವರು ಮರೆತಿರಲಾರರು. ಕೊಳಚೆ ಸೇರಿದ ನೀರಿನಲ್ಲಿ ಅದನ್ನು ಕೊಳೆಸುವ ಬ್ಯಾಕ್ಟೀರಿಯಾಗಳೇ ಆಮ್ಲಜನಕವನ್ನು ಖಾಲಿ ಮಾಡುತ್ತವೆ. ಬೇಸಿಗೆಯಲ್ಲಿ ಬೆಚ್ಚನೆಯ ನೀರು ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳುವುದೂ ಕಡಿಮೆ. ದಟ್ಟ ಪಾಚಿಯಿದ್ದರೆ ಅದು ರಾತ್ರಿಯಿಡೀ ಉಸಿರಾಡಿ, ನಸುಕಿನ ಹೊತ್ತಿಗೆ ಮೀನುಗಳು ಬಾಯಿ ಮೇಲೆತ್ತಿ ಒದ್ದಾಡುವಂತಾಗುತ್ತದೆ. ಕರುಳಿನ ಗೆಳೆಯರು ತಾಳಿಕೆಯನ್ನು ಒಂದಿಷ್ಟು ಹಿಗ್ಗಿಸಬಲ್ಲರು. ಚರಂಡಿಯನ್ನು ಕೆರೆಗೆ ಬಿಟ್ಟು "ಪ್ರಕೃತಿ ನೋಡಿಕೊಳ್ಳುತ್ತದೆ" ಎನ್ನಲು ಈ ವಿಜ್ಞಾನವನ್ನು ಯಾರೂ ಬಳಸಬಾರದು.

ಮೀನಿಗೆ ಕಾಯಿಲೆ ಬಂದರೆ ಆ್ಯಂಟಿಬಯಾಟಿಕ್ ಹಾಕಬಹುದೇ?

ನಿಮ್ಮಷ್ಟಕ್ಕೆ ನೀವು ಹಾಕಬೇಡಿ. ಔಷಧಕ್ಕೆ ಮಿತ್ರ ಯಾರು, ಶತ್ರು ಯಾರು ಎಂಬುದು ಗೊತ್ತಿಲ್ಲ. ಕರುಳಿನ ಒಕ್ಕಲನ್ನೂ ಎಬ್ಬಿಸಿ ಓಡಿಸುತ್ತದೆ. ತೆರವಾದ ಜಾಗಕ್ಕೆ ಮೊದಲು ನುಗ್ಗುವುದು ಔಷಧಕ್ಕೆ ಬಗ್ಗದ ತಳಿಗಳು. ಕ್ಲೋರಾಂಫೆನಿಕಾಲ್, ನೈಟ್ರೊಫ್ಯುರಾನ್‌ಗಳಂಥವನ್ನು ಭಾರತದ ಮೀನು ಸಾಕಣೆಯಲ್ಲಿ ಬಳಸುವಂತೆಯೇ ಇಲ್ಲ. ಪಶುವೈದ್ಯರು ಅಥವಾ ಮೀನುಗಾರಿಕೆ ಅಧಿಕಾರಿಗಳು ರೋಗ ಗುರುತಿಸಿದ ಮೇಲೆ, ಅವರು ಹೇಳಿದ ಪ್ರಮಾಣದಲ್ಲಿ ಮಾತ್ರ ಔಷಧ ಬಳಸಿ.

ಕೃಷಿ ಹೊಂಡದ ಮೀನಿಗೆ ಪ್ರೊಬಯಾಟಿಕ್ ಪುಡಿ ಹಾಕಿದರೆ ಲಾಭವಿದೆಯೇ?

ರೈತರು ಅತಿ ಹೆಚ್ಚು ಕೇಳುವುದು ಇದನ್ನೇ. ಈ ಪುಡಿಗಳಲ್ಲಿರುವ ಬ್ಯಾಸಿಲಸ್, ಲ್ಯಾಕ್ಟೊಬ್ಯಾಸಿಲಸ್‌ನಂಥ ಉಪಕಾರಿ ಬ್ಯಾಕ್ಟೀರಿಯಾ ತಳಿಗಳು ಮೀನಿನ ಬೆಳವಣಿಗೆಗೂ ರೋಗನಿರೋಧಕ್ಕೂ ನೆರವಾದ ಉದಾಹರಣೆಗಳು ಬಹಳಷ್ಟಿವೆ. ಆದರೆ ತವರಿನ ಜೀವಿಗಳ ಪ್ರಯೋಗವನ್ನು ನೆನಪಿಸಿಕೊಳ್ಳಿ: ಎಲ್ಲ ಹೊಂಡಕ್ಕೂ ಎಲ್ಲ ಮೀನಿಗೂ ಒಂದೇ ಪುಡಿ ಒಂದೇ ರೀತಿ ಒಗ್ಗಬೇಕೆಂದಿಲ್ಲ. ಹಣ ಖರ್ಚು ಮಾಡುವ ಮೊದಲು ಖರ್ಚಿಲ್ಲದ್ದನ್ನು ಮಾಡಿ. ಕಾಟ್ಲಾ, ರೋಹು ಮರಿಗಳನ್ನು ಕಿಕ್ಕಿರಿದು ಬಿಡಬೇಡಿ. ತಿಂದು ಉಳಿಯುವಷ್ಟು ಆಹಾರ ಸುರಿಯಬೇಡಿ, ಅದು ತಳದಲ್ಲಿ ಕೊಳೆತು ಆಮ್ಲಜನಕ ನುಂಗುತ್ತದೆ. ಬೆಳಗಿನ ಜಾವ ಒಮ್ಮೆ ಹೊಂಡದ ಬಳಿ ಹೋಗಿ ಮೀನು ಮೇಲೆ ಬಂದು ಬಾಯಿ ಬಿಡುತ್ತಿದೆಯೇ ನೋಡಿ. ನೀರು ನೆಟ್ಟಗಿಲ್ಲದಿದ್ದರೆ ಯಾವ ಪುಡಿಯೂ ಕೈಹಿಡಿಯದು.

ಮನೆಯ ಅಕ್ವೇರಿಯಂನ ಫಿಲ್ಟರ್‌ನಲ್ಲಿರುವ ಬ್ಯಾಕ್ಟೀರಿಯಾವೂ ಇದೇ ಏನು?

ಅಲ್ಲ. ಅವು ಮೀನು ಹೊರಹಾಕಿದ ಅಮೋನಿಯಾವನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಆಗಿ ಮಾರ್ಪಡಿಸುವ ಬೇರೆ ಗುಂಪು. ಆದರೂ ಸಲಹೆ ಎರಡಕ್ಕೂ ಒಂದೇ: ತೊಟ್ಟಿಯನ್ನು ತಿಕ್ಕಿ ತೊಳೆದು ಪೂರ್ತಿ ನೀರನ್ನು ಒಮ್ಮೆಲೇ ಬದಲಿಸಬೇಡಿ. ಸ್ವಲ್ಪ ಸ್ವಲ್ಪವಾಗಿ ಬದಲಿಸಿ.

ನೀರು ಚಿಗಟದ ಕರುಳನ್ನು ನಾವೂ ನೋಡಬಹುದೇ?

ಖಂಡಿತ. ಮುಸ್ಸಂಜೆ ಅಥವಾ ಮುಂಜಾನೆ ಕೆರೆಯ ಅಂಚಿನ ನೀರನ್ನು ಹಳೆಯ ತೆಳು ಬಟ್ಟೆಯಲ್ಲಿ ಸೋಸಿ, ಬಟ್ಟೆಯಲ್ಲಿ ಉಳಿದದ್ದನ್ನು ಸ್ವಲ್ಪ ನೀರಿರುವ ಬಟ್ಟಲಿಗೆ ಅದ್ದಿ ತೊಳೆಯಿರಿ. ದಟ್ಟ ಹಸಿರು ಕೆನೆಗಟ್ಟಿದ ಕೆರೆಯಾದರೆ ಕೈ ಹಾಕಬೇಡಿ. ಒಂದು ಹನಿಯನ್ನು ಕುಳಿಯಿರುವ ಗಾಜಿನ ಫಲಕದ ಮೇಲಿಟ್ಟು, ಹತ್ತಿಯ ನಾಲ್ಕಾರು ಎಳೆಗಳನ್ನು ಹಾಕಿದರೆ ಚಿಗಟ ಅದರಲ್ಲಿ ಸಿಕ್ಕಿ ನಿಧಾನವಾಗುತ್ತದೆ. 40 ಪಟ್ಟು ಹಿಗ್ಗಿಸುವ ಸಾಧಾರಣ ಸೂಕ್ಷ್ಮದರ್ಶಕ ಸಾಕು.

ಮೊದಲು ಕಾಣುವುದು ನಡುಗುತ್ತಲೇ ಇರುವ ಒಂಟಿ ಕಪ್ಪು ಕಣ್ಣು. ಬೆನ್ನಿನ ಕಡೆ ಎಣಿಸಲಾಗದಷ್ಟು ಬೇಗ ಬಡಿಯುವ ಗುಂಡಗಿನ ಹೃದಯ. ಅದರ ಹಿಂದೆ ಮರಿಚೀಲ. ಅದೃಷ್ಟವಿದ್ದರೆ ಒಳಗೆ ಕಣ್ಣು ಮೂಡಿದ ಮರಿಗಳು ಹೊರಳಾಡುತ್ತಿರುತ್ತವೆ. ಆಮ್ಲಜನಕ ಕಡಿಮೆಯಿರುವ ನೀರಿನದಾದರೆ ಇಡೀ ಮೈ ನಸುಗೆಂಪಾಗಿರುತ್ತದೆ, ಏಕೆಂದರೆ ಉಸಿರು ಕಟ್ಟಿದಾಗ ಚಿಗಟ ತಾನೇ ಹಿಮೋಗ್ಲೋಬಿನ್ ಹೆಚ್ಚಿಸಿಕೊಳ್ಳುತ್ತದೆ. ಬಾಯಿಯ ಬಳಿಯಿಂದ ಬಾಲದವರೆಗೆ ಬಾಗಿ ಸಾಗುವ ಹಸಿರು ಕೊಳವೆಯೇ ಕರುಳು. ಅದು ಅಲೆಯಲೆಯಾಗಿ ಹಿಂಡಿಕೊಂಡು ಪಾಚಿಯನ್ನು ಮುಂದೆ ತಳ್ಳುವುದನ್ನು ಎಷ್ಟು ಹೊತ್ತು ನೋಡಿದರೂ ನನಗೆ ಬೇಸರವಾಗಿಲ್ಲ. ಒಳಗಿನ ಬ್ಯಾಕ್ಟೀರಿಯಾಗಳು ಈ ಹಿಗ್ಗಿಸುವಿಕೆಯಲ್ಲಿ ಕಾಣುವುದಿಲ್ಲ.

ಬಿಸಿಲಿನಲ್ಲಿ, ದೀಪದ ಶಾಖದಲ್ಲಿ ಹೆಚ್ಚು ಹೊತ್ತು ಇಡಬೇಡಿ. ನೋಡಿ ಮುಗಿದ ಮೇಲೆ ಬಟ್ಟಲಿನ ನೀರನ್ನು ತಂದ ಕೆರೆಗೇ ಮರಳಿ ಬಿಡಿ, ಇನ್ನೊಂದು ಕೆರೆಗೆ ಸುರಿಯಬೇಡಿ.